ಸೀಲ್ ಬದಲಿಸುವ ಮುನ್ನ ಉಸಿರು ನೋಡಿ

ಬೆಂಗಳೂರು ದಂಡಿನ ಕಡೆಯ ಹಳೇ ಬ್ರಿಟಿಷ್ ಕಾರುಗಳ ಒಡೆಯರಿಗೂ ಅವುಗಳನ್ನು ಓಡುವಂತೆ ಇಟ್ಟಿರುವ ಮೇಸ್ತ್ರಿಗಳಿಗೂ ಒಂದು ಬಹಿರಂಗ ಪತ್ರ

ಗೆಳೆಯರೇ,

ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕಿನ ಬಳಿಯೋ ಹಲಸೂರು ಕೆರೆಯ ಪಕ್ಕದಲ್ಲೋ ನಾವು ಕಾರುಗಳೊಂದಿಗೆ ಸೇರಿದಾಗ ಮಾತೆಲ್ಲ ಬಣ್ಣದ್ದು, ಕ್ರೋಮಿನದು, ಇಂಗ್ಲೆಂಡಿನಿಂದ ತರಿಸಿದ ಕಡ್ಡಿಚಕ್ರದ್ದು. ಹೊರಟ ಮೇಲೆ ಒಂದೊಂದು ಕಾರು ನಿಂತಿದ್ದ ಜಾಗದಲ್ಲೂ ಅಂಗೈಯಗಲದ ಎಣ್ಣೆಯ ಕಲೆ ಉಳಿದಿರುತ್ತದೆ. ಯಾರಾದರೊಬ್ಬರು ಅದನ್ನು ನೋಡಿ, "ಬ್ರಿಟಿಷ್ ಗಾಡಿ ಅಲ್ವಾ, ಸೋರಲೇಬೇಕು" ಅನ್ನುತ್ತಾರೆ. ಉಳಿದವರು ತಲೆಯಾಡಿಸಿ ಮನೆಗೆ ಹೋಗುತ್ತೇವೆ. ನಾನೂ ಎಷ್ಟೋ ವರ್ಷ ತಲೆಯಾಡಿಸಿದ್ದೇನೆ. ಆ ಮಾತು ಸರಿಯಲ್ಲ ಎಂದು ಈಗ ನನಗೆ ಖಾತ್ರಿಯಾಗಿದೆ. ಅದಕ್ಕೇ ಈ ಪತ್ರ.

ನನ್ನದು ಎಂಜಿಎ 1500. ಹಲಸೂರಿನ ನಮ್ಮ ಮನೆಯ ಮುಂದೆ ಅಜ್ಜಿಯ ಕಾಲದ ಕೆಂಪು ಗಾರೆಯ ನೆಲವಿದೆ, ಕಾರು ನಿಲ್ಲುವುದು ಅಲ್ಲಿ. ಎಂಜಿನ್ನಿನ ಪಕ್ಕದಿಂದ ಕೆಳಕ್ಕೆ ಇಳಿಯುವ ಒಂದು ಕೊಳವೆಯ ತುದಿಯಿಂದ ದಿನಕ್ಕೆ ನಾಲ್ಕಾರು ಹನಿ ಎಣ್ಣೆ ಬೀಳುತ್ತಿತ್ತು. ಒಂದು ಗ್ಯಾರೇಜಿನಲ್ಲಿ ಈ ತೊಂದರೆ ಹೇಳಿಕೊಂಡಾಗ ಆ ಕೊಳವೆಗೆ ಬಿರಡೆ ಜಡಿದು ಕೊಟ್ಟರು. ನಾನೂ ಬೇಡವೆನ್ನಲಿಲ್ಲ. ನೆಲ ಸ್ವಚ್ಛವಾಯಿತು. ಮೂರು ವಾರ ಕಳೆದ ಮೇಲೆ ಕೆ.ಆರ್.ಪುರದ ತೂಗುಸೇತುವೆ ಹತ್ತುವಾಗ ಎಂಜಿನ್ ಕೂಗಿತು, ಕಾರು ಮಾತ್ರ ಏರಲಿಲ್ಲ. ಕ್ಲಚ್ ಜಾರುತ್ತಿತ್ತು. ಬಿಚ್ಚಿ ನೋಡಿದರೆ ಪ್ಲೇಟು ಎಣ್ಣೆಯಲ್ಲಿ ನೆಂದಿತ್ತು. ಹೊಸ ಪ್ಲೇಟು ಹಾಕಿಸಿದೆ. ಮಳೆಗಾಲ ಮುಗಿಯುವುದರೊಳಗೆ ಅದೂ ನೆಂದಿತು. ಇನ್ನು ಎಂಜಿನ್ ಇಳಿಸಿ, ಹಿಂಬದಿಗೆ ಹೊಸ ಬಗೆಯ ಆಯಿಲ್ ಸೀಲ್ ಕೂರಿಸಲೇಬೇಕು ಎಂದುಕೊಂಡೆ.

ಅಷ್ಟರಲ್ಲಿ ಗೆಳೆಯರೊಬ್ಬರು ಶಿವಾಜಿನಗರದಲ್ಲಿ, ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯೊಂದರಲ್ಲಿ ಕೆಲಸ ಮಾಡುವ ಹಿರಿಯ ಮೇಸ್ತ್ರಿಯ ಬಳಿಗೆ ಕರೆದೊಯ್ದರು. ಅಲ್ಲಿನ ಹುಡುಗರೆಲ್ಲ ಅವರನ್ನು ಉಸ್ತಾದ್ ಎಂದೇ ಕರೆಯುವುದು. ಅವರು ಸ್ಪ್ಯಾನರ್ ಮುಟ್ಟಲಿಲ್ಲ. ಎಂಜಿನ್ ಐಡಲ್‌ನಲ್ಲಿ ಓಡುತ್ತಿರುವಾಗಲೇ ಎಣ್ಣೆ ಹುಯ್ಯುವ ಮುಚ್ಚಳ ತೆಗೆದು ಆ ಬಾಯಿಯ ಮೇಲೆ ಅಂಗೈ ಇಟ್ಟರು. ಐದಾರು ಸೆಕೆಂಡ್ ಆದ ಮೇಲೆ ನನ್ನ ಕೈಯನ್ನು ಹಿಡಿದು ಅಲ್ಲಿಟ್ಟರು. ಬಿಸಿಗಾಳಿ ಅಂಗೈಯನ್ನು ಮೇಲಕ್ಕೆ ತಳ್ಳುತ್ತಿತ್ತು. "ಗಾಡಿಗೆ ದಮ್ಮು ಕಟ್ಟೈತೆ ಸಾರ್. ಮುಂದೆ ದಾರಿ ಮುಚ್ಚಿದ್ರಿ, ಅದು ಹಿಂದೆ ದಾರಿ ಮಾಡ್ಕೊಂಡೈತೆ" ಅಂದರು. ಬಿರಡೆ ಕಿತ್ತು, ಕೊಳವೆಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಇನ್ನೊಂದು ಪ್ಲೇಟು ಹಾಕಿ ಓಡಿಸಿ ನೋಡಿ, ಸೀಲಿನ ಮಾತು ಆಮೇಲೆ ಎಂದರು. ಆ ಮೂರನೆಯ ಪ್ಲೇಟು ಇವತ್ತಿಗೂ ಒಣಗೇ ಇದೆ. ಸೀಲಿನ ಮಾತು ಮತ್ತೆ ಬರಲೇ ಇಲ್ಲ.

ಉಸ್ತಾದರ ಆ ಎರಡು ಮಾತಿನೊಳಗೆ ಏನೇನಿದೆ ಎಂದು ಬಿಡಿಸಿ ಹೇಳುತ್ತೇನೆ.

ಪಿಸ್ಟನ್ ರಿಂಗುಗಳು ಎಷ್ಟೇ ಹೊಸದಾಗಿರಲಿ, ಮೇಲೆ ಉರಿಯುವ ಅನಿಲವನ್ನು ಪೂರ್ತಿಯಾಗಿ ತಡೆಯಲಾರವು. ಒಂದಿಷ್ಟು ರಿಂಗಿನ ಸಂದಿನಿಂದ ಕೆಳಗೆ, ಕ್ರ್ಯಾಂಕ್ ತಿರುಗುವ ಕಡೆಗೆ ನುಸುಳುತ್ತದೆ. ನಮ್ಮ ಗ್ಯಾರೇಜುಗಳಲ್ಲಿ ಇದನ್ನು ಬ್ಯಾಕ್ ಕಂಪ್ರೆಷನ್ ಅನ್ನುತ್ತಾರೆ. 1489 ಸಿಸಿ ಎಂಜಿನ್ ಆಕ್ಸಿಲರೇಟರ್ ಪೂರ್ತಿ ಒತ್ತಿದ ಸ್ಥಿತಿಯಲ್ಲಿ ನಿಮಿಷಕ್ಕೆ 3000 ಸುತ್ತು ತಿರುಗಿದರೆ, ಲೆಕ್ಕದ ಪ್ರಕಾರ ಸುಮಾರು 2200 ಲೀಟರ್ ಗಾಳಿ ಎಳೆದುಕೊಳ್ಳಬಲ್ಲದು. ಅದರಲ್ಲಿ ನೂರಕ್ಕೆ ಒಂದು ಪಾಲು ಕೆಳಗೆ ನುಸುಳಿತು ಅನ್ನಿ. ನಿಮಿಷಕ್ಕೆ 22 ಲೀಟರ್ ಆಯಿತು. ನಮ್ಮ ಮನೆಗಳಿಗೆ ಕುಡಿಯುವ ನೀರು ತರುವ ಕ್ಯಾನು 20 ಲೀಟರಿನದು. ಅಂಥ ಒಂದು ಕ್ಯಾನಿಗೂ ಮಿಕ್ಕಿದ ಅನಿಲ ಪ್ರತಿ ನಿಮಿಷವೂ ಎಂಜಿನ್ನಿನ ಹೊಟ್ಟೆಯಿಂದ ಹೊರಬೀಳಲು ದಾರಿ ಹುಡುಕುತ್ತಿರುತ್ತದೆ. ದಾರಿ ನಾವು ಕೊಡದಿದ್ದರೆ ಪ್ಯಾಕಿಂಗಿನ ಸಂದು, ಡಿಪ್‌ಸ್ಟಿಕ್ಕಿನ ತೂತು, ಕ್ರ್ಯಾಂಕಿನ ಹಿಂತುದಿ, ಎಲ್ಲಿ ಸಿಕ್ಕರೆ ಅಲ್ಲಿಂದ ಹೊರಡುತ್ತದೆ. ಹೋಗುವಾಗ ಎಣ್ಣೆಯನ್ನೂ ಹೊತ್ತೊಯ್ಯುತ್ತದೆ.

ಎಂಜಿ ಟಿಡಿ, ಎಂಜಿಎ ಕಾರುಗಳಲ್ಲಿ ಆ ಹಿಂತುದಿ ತೀರಾ ಸೂಕ್ಷ್ಮ. ಇಂದಿನ ಕಾರುಗಳಂತೆ ಅಲ್ಲಿ ಶಾಫ್ಟಿಗೆ ಅಂಟಿಕೊಂಡ ರಬ್ಬರ್ ಸೀಲ್ ಇಲ್ಲ. ಶಾಫ್ಟಿನ ಮೇಲೆ ಥ್ರೆಡ್ಡಿನಂತೆ ಕೊರೆದ ಸುರುಳಿ ಗೆರೆಯೊಂದಿದೆ. ಶಾಫ್ಟ್ ತಿರುಗುವಾಗ ಆ ಗೆರೆ ಎಣ್ಣೆಯನ್ನು ಒಳಕ್ಕೆ ನೂಕುತ್ತಿರುತ್ತದೆ. ಶಾಫ್ಟಿಗೂ ಅದರ ಸುತ್ತಲಿನ ಲೋಹಕ್ಕೂ ನಡುವೆ ಕೂದಲೆಳೆಯಷ್ಟು ಸಂದು ಸದಾ ತೆರೆದೇ ಇರುತ್ತದೆ. ಒಳಗೆ ಒತ್ತಡ ಇಲ್ಲದಿದ್ದರೆ, ಅಥವಾ ಹೊರಗಿಗಿಂತ ಸ್ವಲ್ಪ ಕಡಿಮೆ ಇದ್ದರೆ, ಈ ಏರ್ಪಾಡು ಚೆನ್ನಾಗಿಯೇ ನಡೆಯುತ್ತದೆ. ಒಳಗೆ ಒತ್ತಡ ಏರಿದರೆ ಸುರುಳಿ ನೂಕಿದ್ದಕ್ಕಿಂತ ಹೆಚ್ಚು ಎಣ್ಣೆಯನ್ನು ಅನಿಲ ಹೊರಕ್ಕೆ ತಳ್ಳುತ್ತದೆ. ಬೆಲ್ ಹೌಸಿಂಗಿನ ತಳದಲ್ಲಿ ಸ್ಪ್ಲಿಟ್ ಪಿನ್ ನೇತಾಡುವ ಸಣ್ಣ ತೂತಿದೆಯಲ್ಲ, ನೆಲದ ಮೇಲಿನ ಕಲೆ ಬೀಳುವುದು ಬಹುಪಾಲು ಅಲ್ಲಿಂದ. ಕಾರ್ಖಾನೆಯವರು ಆ ತೂತು ಬಿಟ್ಟಿರುವುದೇ ಎಣ್ಣೆ ಕ್ಲಚ್ಚಿನ ಕಡೆ ನಿಲ್ಲದೆ ಇಳಿದುಹೋಗಲಿ ಎಂದು.

ಹಾಗಾದರೆ ಆ ಕಾರ್ಖಾನೆಯವರು ಉಸಿರಿಗೆ ದಾರಿ ಕೊಟ್ಟಿರಲಿಲ್ಲವೇ? ಕೊಟ್ಟಿದ್ದರು, ಎರಡು ಕಡೆ. ರಾಕರ್ ಕವರಿನಿಂದ ಮುಂದಿನ ಏರ್ ಕ್ಲೀನರಿಗೆ ಒಂದು ರಬ್ಬರ್ ಹೋಸ್. ಮ್ಯಾನಿಫೋಲ್ಡಿನ ಕೆಳಗೆ, ಮುಂದಿನ ಟ್ಯಾಪೆಟ್ ಕವರಿನಿಂದ ನೆಲದ ಕಡೆಗೆ ಇಳಿಯುವ ಒಂದು ಕೊಳವೆ. ನಾನು ಬಿರಡೆ ಹಾಕಿಸಿದ್ದು ಈ ಎರಡನೆಯದಕ್ಕೆ. ಕಾರು ಓಡುವಾಗ ಕೆಳಗಿನ ಗಾಳಿ ಆ ಕೊಳವೆಯ ಬಾಯನ್ನು ಸವರಿಕೊಂಡು ಹೋಗುತ್ತದೆ, ಆ ಎಳೆತಕ್ಕೆ ಒಳಗಿನ ಅನಿಲ ಹೊರಬರುತ್ತದೆ. ವಾಲ್ವ್ ಇಲ್ಲ, ಸ್ಪ್ರಿಂಗ್ ಇಲ್ಲ, ಕೆಡುವಂಥದ್ದು ಏನೂ ಇಲ್ಲ. ಆದರೆ ಈ ಎಳೆತ ಹುಟ್ಟಬೇಕಾದರೆ ಕಾರು ಗಂಟೆಗೆ ಸುಮಾರು 40 ಕಿಲೊಮೀಟರ್ ವೇಗ ದಾಟಬೇಕು. ನಿಂತ ಕಾರಿನಲ್ಲಿ ಆ ಕೊಳವೆ ಬರೀ ಒಂದು ತೂತು.

ಈಗ ನಮ್ಮ ರಸ್ತೆ ನೋಡಿ. ಹಲಸೂರಿನಿಂದ ಹಳೇ ಮದರಾಸು ರಸ್ತೆ ಹಿಡಿದು ಇಂದಿರಾನಗರದ ಅಂಚಿನಲ್ಲಿ, ಎನ್‌ಜಿಇಎಫ್ ಜಾಗ ದಾಟಿ, ಟಿನ್ ಫ್ಯಾಕ್ಟರಿಯ ಮೂಲಕ ಕೆ.ಆರ್.ಪುರ ಸೇರುವಷ್ಟರಲ್ಲಿ ನಿಮ್ಮ ಕಾರು 40 ಕಿಲೊಮೀಟರ್ ವೇಗದಲ್ಲಿ ಓಡಿದ್ದು ಎಷ್ಟು ನಿಮಿಷ? ದೂರವಾಣಿನಗರದ ಐಟಿಐ ಕಾರ್ಖಾನೆಗೆ ಈ ದಾರಿಯಲ್ಲೇ ಹೋಗಿಬರುತ್ತಿದ್ದ ಹಿರಿಯರು, ಆಗ ಊರು ದಾಟಿದರೆ ಬೀಸುಗಾಳಿಯ ಖಾಲಿ ರಸ್ತೆ ಎನ್ನುತ್ತಾರೆ. ಎಂಜಿಎ ತಯಾರಾದ ಅಬಿಂಗ್ಡನ್ ಊರಿನವರು ಮನಸ್ಸಿನಲ್ಲಿಟ್ಟುಕೊಂಡಿದ್ದು ಅಂಥದೇ ರಸ್ತೆಯನ್ನು. ಅವರು ಎಂಜಿನ್ನಿನ ಉಸಿರನ್ನು ರಸ್ತೆಯ ಗಾಳಿಗೆ ಒಪ್ಪಿಸಿದ್ದರು. ನಮ್ಮ ರಸ್ತೆಯಲ್ಲಿ ಈಗ ಆ ಗಾಳಿಯಿಲ್ಲ. ಎಂಜಿನ್ ಕೆಟ್ಟಿಲ್ಲ, ವಿನ್ಯಾಸವೂ ತಪ್ಪಲ್ಲ. ಅದು ನಂಬಿಕೊಂಡಿದ್ದ ರಸ್ತೆ ಬದಲಾಗಿದೆ. ನಾನು ಹೇಳಬೇಕಾದ ಮುಖ್ಯ ಮಾತು ಇಷ್ಟೇ. ಉಳಿದದ್ದೆಲ್ಲ ಇದರಿಂದ ಹೊರಡುತ್ತದೆ.

ಇನ್ನೊಂದು ಸಂಗತಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಬಹುಪಾಲು ಸೈಲೆನ್ಸರಿನಿಂದ ಆವಿಯಾಗಿ ಹೋಗುತ್ತದೆ. ರಿಂಗು ದಾಟಿ ಬಂದ ಪಾಲು ತಣ್ಣಗಿನ ಎಂಜಿನ್ನಿನೊಳಗೆ ಹನಿಗಟ್ಟಿ ಎಣ್ಣೆಯೊಂದಿಗೆ ಕಲೆಯುತ್ತದೆ. ಮುಚ್ಚಳದ ಒಳಮೈಯಲ್ಲಿ ಬೆಣ್ಣೆಯಂತೆ ಕಾಣುವ ಹಳದಿ ಕೆನೆ ಅದೇ. ಡಿಸೆಂಬರಿನ ಚಳಿಯಲ್ಲಿ ಎಂಜಿನ್ ಚಾಲೂ ಮಾಡಿ, ಇಂದಿರಾನಗರದಿಂದ ಕಬ್ಬನ್ ಪಾರ್ಕಿಗೆ ಹೋಗಿ, ಕಾಫಿ ಕುಡಿದು ವಾಪಸ್ಸು ಬಂದು ಮತ್ತೊಂದು ಭಾನುವಾರದವರೆಗೆ ಹೊದಿಕೆ ಹೊದಿಸುತ್ತೇವಲ್ಲ, ಎಂಜಿನ್ನಿಗೆ ಅದಕ್ಕಿಂತ ಕಷ್ಟದ ಬಾಳಿಲ್ಲ. ಒಳಗೆ ಸೇರಿದ ನೀರು ಒಣಗುವಷ್ಟು ಬಿಸಿ ಏರುವುದಿಲ್ಲ, ಹೊರಗೊಯ್ಯುವ ಗಾಳಿ ಆಡುವುದಿಲ್ಲ. ನೀರು, ಅರೆಬೆಂದ ಪೆಟ್ರೋಲ್ ಮತ್ತು ಅವುಗಳಿಂದ ಹುಟ್ಟುವ ಆಮ್ಲ ವಾರವಿಡೀ ಬೇರಿಂಗುಗಳ ಮೇಲೆ ಕೂತಿರುತ್ತವೆ. ಇದರ ಮೇಲೆ ಶೇಕಡ 20 ಎಥೆನಾಲ್ ಬೆರೆತ ಪೆಟ್ರೋಲ್ ಬಂದಿದೆ. 2023ರ ಫೆಬ್ರವರಿಯಲ್ಲಿ ಅದಕ್ಕೆ ಚಾಲನೆ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ. ಎಥೆನಾಲ್ ನೀರನ್ನು ಸೆಳೆಯುತ್ತದೆ, ಹಳೇ ರಬ್ಬರನ್ನು ಕೆಡಿಸುತ್ತದೆ. ಉಸಿರಾಟ ಸರಿಪಡಿಸುವ ಕೆಲಸವನ್ನು ಮುಂದೂಡಲು ಇನ್ನು ಕಾರಣ ಉಳಿದಿಲ್ಲ.

ಈ ಸಮಸ್ಯೆಗೆ ಉತ್ತರ ಹುಡುಕಿದವರಲ್ಲಿ ನಾವು ಮೊದಲಿಗರಲ್ಲ. ಲಾಸ್ ಏಂಜಲೀಸ್ ನಗರದ ಹೊಗೆಮಂಜು ಎಲ್ಲಿಂದ ಬರುತ್ತದೆ ಎಂದು 1950ರ ಆಸುಪಾಸಿನಲ್ಲಿ ಕಂಡುಹಿಡಿದವರು ರಸಾಯನ ವಿಜ್ಞಾನಿ ಏರಿ ಹಾಗೆನ್-ಸ್ಮಿಟ್. ಪೆಟ್ರೋಲಿನ ಆವಿ, ಕಾರಿನ ಹೊಗೆ, ಬಿಸಿಲು ಮೂರೂ ಸೇರಿ ಅದಾಗುತ್ತದೆ ಎಂದು ತೋರಿಸಿದರು. ಆ ಕಾಲದ ಕಾರೊಂದು ಹೊರಬಿಡುತ್ತಿದ್ದ ಹೈಡ್ರೋಕಾರ್ಬನ್ನಿನಲ್ಲಿ ಸುಮಾರು ಐದನೆಯ ಒಂದು ಪಾಲು ಸೈಲೆನ್ಸರಿನಿಂದ ಬರುತ್ತಿರಲಿಲ್ಲ, ಎಂಜಿನ್ನಿನ ಹೊಟ್ಟೆಯಿಂದ ಈ ಕೊಳವೆಯ ಮೂಲಕ ಬರುತ್ತಿತ್ತು. ಹಾಗಾಗಿ 1960ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾ ಮೊದಲು ಕಡ್ಡಾಯ ಮಾಡಿದ್ದು ಪಿಸಿವಿ ವಾಲ್ವನ್ನು. ಕೊಳವೆಯ ಅನಿಲವನ್ನು ಬೀದಿಗೆ ಬಿಡದೆ ಮ್ಯಾನಿಫೋಲ್ಡಿಗೆ ಕಳಿಸಿ ಮತ್ತೆ ಉರಿಸುವ ಏರ್ಪಾಡು ಅದು. ಅಬಿಂಗ್ಡನ್ನಿನವರೂ 1964ರಲ್ಲಿ, ಎಂಜಿಎ ನಂತರ ಬಂದ ಎಂಜಿಬಿಗೆ ಇದನ್ನು ಜೋಡಿಸಿದರು. ಮುಂದಿನ ಟ್ಯಾಪೆಟ್ ಕವರಿನ ಮೇಲೆ ತಂತಿಬಲೆಯಿಟ್ಟ ಒಂದು ಡಬ್ಬಿ, ಅಲ್ಲಿಂದ ಹೋಸ್, ಮ್ಯಾನಿಫೋಲ್ಡಿನ ಮೇಲೆ ರಬ್ಬರ್ ಡಯಾಫ್ರಾಮಿನ ವಾಲ್ವ್. ದಶಕದ ಕೊನೆಗೆ ಆ ವಾಲ್ವನ್ನೂ ಬಿಟ್ಟು, ಎಸ್‌ಯು ಕಾರ್ಬ್ಯುರೇಟರುಗಳ ಒಡಲಿನಲ್ಲೇ ಹದವಾದ ಎಳೆತ ಸಿಗುವ ಜಾಗಕ್ಕೆ ಹೋಸನ್ನು ಸೇರಿಸಿದರು. ಅಂದರೆ ನಾನು ಕೇಳುತ್ತಿರುವುದು ಎಂಜಿಎ ಕಾರಿನ ತಮ್ಮನಿಗೆ ಕಾರ್ಖಾನೆಯೇ ಮಾಡಿದ ಕೆಲಸವನ್ನು ಅಣ್ಣನಿಗೂ ಮಾಡಿ ಎಂದು.

ಮಾಡುವುದು ಹೇಗೆ? ನಾನು ಮಾಡಿ, ಕೆಡಿಸಿ, ಮತ್ತೆ ಮಾಡಿ ಕಲಿತದ್ದನ್ನು ಕ್ರಮವಾಗಿ ಹೇಳುತ್ತೇನೆ.

ಮೊದಲು ಅಳೆಯಿರಿ. ಗಾರೆ ಮೇಸ್ತ್ರಿಗಳು ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪು ಸಾಕು. ಅದನ್ನು ಯು ಆಕಾರದಲ್ಲಿ ಒಂದು ಹಲಗೆಗೆ ಕಟ್ಟಿ, ಕಾಲುಗಳು ಒಂದೊಂದು ಮೀಟರ್ ಉದ್ದವಿರಲಿ, ಅರ್ಧದವರೆಗೆ ಬಣ್ಣದ ನೀರು ತುಂಬಿ. ಒಂದು ತುದಿಯನ್ನು ಡಿಪ್‌ಸ್ಟಿಕ್ ತೂತಿಗೆ ಬಿಗಿಯಾಗಿ ಸೇರಿಸಿ ಎಂಜಿನ್ ಚಾಲೂ ಮಾಡಿ. ಎಂಜಿನ್ ಕಡೆಯ ಕಾಲಿನಲ್ಲಿ ನೀರು ಏರಿದರೆ ಒಳಗೆ ಎಳೆತವಿದೆ, ಒಳ್ಳೆಯದು. ಹೊರಗಿನ ಕಾಲಿನಲ್ಲಿ ಏರಿದರೆ ಒಳಗೆ ಒತ್ತಡವಿದೆ, ಎಣ್ಣೆ ಸೋರುವುದು ಸಹಜ. ಸರಿಯಾಗಿ ಉಸಿರಾಡುವ ಎಂಜಿನ್ನಿನಲ್ಲಿ ಎರಡು ಮಟ್ಟಗಳ ನಡುವೆ ಒಂದರಿಂದ ಮೂರು ಅಂಗುಲ ಎಳೆತ ಕಂಡರೆ ಸಾಕು. ಇದರ ಜೊತೆಗೆ ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ನೋಡಿ. ರಿಂಗು ಪೂರ್ತಿ ಸವೆದಿದ್ದರೆ, ಬೋರು ಅಗಲವಾಗಿದ್ದರೆ, ಯಾವ ವಾಲ್ವೂ ಅದನ್ನು ಮುಚ್ಚಿಡಲಾರದು. ಅಲ್ಲಿ ಬೋರಿಂಗ್ ಕೆಲಸವೇ ಆಗಬೇಕು.

ಎರಡನೆಯದು, ಇರುವುದನ್ನು ಶುಚಿ ಮಾಡಿ. ಅರವತ್ತು ವರ್ಷ ದಾಟಿದ ಕೊಳವೆಯೊಳಗೆ ಡಾಂಬರಿನಂಥ ಮಡ್ಡಿ ಕಟ್ಟಿರುತ್ತದೆ. ರಾಕರ್ ಕವರಿನ ಹೋಸ್ ಒಳಗಡೆ ಉಬ್ಬಿ ಮುಚ್ಚಿಕೊಂಡಿರುತ್ತದೆ. ಎಷ್ಟೋ ಕಾರುಗಳಿಗೆ ಈ ಒಂದು ಗಂಟೆಯ ಕೆಲಸದಲ್ಲೇ ಅರ್ಧ ಸೋರಿಕೆ ನಿಲ್ಲುತ್ತದೆ.

ಮೂರನೆಯದು, ಸುತ್ತನ್ನು ಪೂರ್ತಿ ಮಾಡಿ. ಮುಂದಿನ ಟ್ಯಾಪೆಟ್ ಕವರಿನಿಂದ ನೆಲಕ್ಕೆ ಇಳಿಯುತ್ತಿದ್ದ ದಾರಿಯನ್ನು ಎಣ್ಣೆ ಬೇರ್ಪಡಿಸುವ ಡಬ್ಬಿಯ ಮೂಲಕ ಪಿಸಿವಿ ವಾಲ್ವಿಗೆ, ಅಲ್ಲಿಂದ ಮ್ಯಾನಿಫೋಲ್ಡಿಗೆ ತಿರುಗಿಸಿ. ರಾಕರ್ ಕವರಿಗೂ ಏರ್ ಕ್ಲೀನರಿಗೂ ನಡುವಿನ ಹಳೇ ಹೋಸನ್ನು ಹಾಗೇ ಬಿಡಿ. ಇಷ್ಟು ದಿನ ಅದು ಹೊಗೆ ಹೊರಹೋಗುವ ದಾರಿಯಾಗಿತ್ತು. ಇನ್ನು ಮೇಲೆ ಶೋಧಿಸಿದ ತಾಜಾ ಗಾಳಿ ಒಳಬರುವ ದಾರಿಯಾಗುತ್ತದೆ. ಗಾಳಿ ಮೇಲಿನಿಂದ ಹೊಕ್ಕು, ತೇವವನ್ನೂ ಆವಿಯನ್ನೂ ಹೊತ್ತು ಕೆಳಗಿನಿಂದ ಹೊರಡುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಮ್ಯಾನಿಫೋಲ್ಡಿನಲ್ಲಿ ಎಳೆತ ಇರುವುದಿಲ್ಲ, ಬ್ಯಾಕ್ ಕಂಪ್ರೆಷನ್ ಹೆಚ್ಚಿರುತ್ತದೆ. ಆಗ ಮಿಕ್ಕ ಅನಿಲ ಅದೇ ಮೇಲಿನ ಹೋಸಿನಲ್ಲಿ ಹಿಂದಿರುಗಿ ಏರ್ ಕ್ಲೀನರಿಗೆ ಹೋಗಿ ಉರಿಯುತ್ತದೆ. ಆದ್ದರಿಂದ ಎರಡೂ ತುದಿ ಇರಲೇಬೇಕು, ಎಣ್ಣೆಯ ಮುಚ್ಚಳ ಗಾಳಿಯಾಡದಂಥದ್ದೇ ಆಗಿರಬೇಕು.

ವಾಲ್ವ್ ಇಲ್ಲದೆ ನೇರವಾಗಿ ಮ್ಯಾನಿಫೋಲ್ಡಿಗೆ ಹೋಸ್ ಸಿಕ್ಕಿಸುವವರನ್ನು ಕಂಡಿದ್ದೇನೆ. ದಯವಿಟ್ಟು ಬೇಡ. ಐಡಲ್‌ನಲ್ಲಿ ಮ್ಯಾನಿಫೋಲ್ಡಿನ ಎಳೆತ 16 ಅಂಗುಲ ಪಾದರಸ ಎಂದಿಟ್ಟುಕೊಳ್ಳಿ. ನೀರಿನ ಲೆಕ್ಕದಲ್ಲಿ ಅದು 215 ಅಂಗುಲಕ್ಕೂ ಮಿಕ್ಕಿತು. ಎಂಜಿನ್ನಿನ ಹೊಟ್ಟೆಗೆ ಬೇಕಿರುವುದು ಎರಡು ಮೂರು ಅಂಗುಲ. ವಾಲ್ವಿನ ಕೆಲಸವೇ ಈ ಎರಡರ ನಡುವೆ ಹದ ಮಾಡುವುದು. ಎಳೆತ ಹೆಚ್ಚಿದ್ದಾಗ ಅದು ದಾರಿಯನ್ನು ಕಿರಿದು ಮಾಡುತ್ತದೆ, ಕಡಿಮೆಯಾದಾಗ ಅಗಲ ಮಾಡುತ್ತದೆ, ಕಾರ್ಬ್ಯುರೇಟರಿನಲ್ಲಿ ಬ್ಯಾಕ್‌ಫೈರ್ ಆದರೆ ಮುಚ್ಚಿಕೊಂಡು ಬೆಂಕಿ ಕೆಳಗೆ ಹೋಗದಂತೆ ತಡೆಯುತ್ತದೆ. ಸುಮಾರು ಒಂದೂವರೆ ಲೀಟರಿನ ಈಚಿನ ಪೆಟ್ರೋಲ್ ಎಂಜಿನ್ನಿನ ವಾಲ್ವ್ ಆರಿಸಿ. ಸಣ್ಣ ಎಂಜಿನ್ನಿನದು ಸಾಲದು, ದೊಡ್ಡದರದು ಐಡಲ್ ಕೆಡಿಸುತ್ತದೆ.

ರಾಕರ್ ಕವರಿನ ಮೇಲೆ ಹೊಳೆಯುವ ಪುಟ್ಟ ಫಿಲ್ಟರ್ ಸಿಕ್ಕಿಸಿ ಕೆಲಸ ಮುಗಿಯಿತು ಅನ್ನುವುದೂ ಬೇಡ. ಅದರಲ್ಲಿ ಎಳೆತವಿಲ್ಲ. ಆವಿ ಬಾನೆಟ್ಟಿನೊಳಗೆ, ಅಲ್ಲಿಂದ ನಿಮ್ಮ ಮೂಗಿಗೆ, ಪಕ್ಕದ ಸ್ಕೂಟರಿನವರ ಮೂಗಿಗೆ ಹೋಗುತ್ತದೆ.

ಎಣ್ಣೆ ಬೇರ್ಪಡಿಸುವ ಡಬ್ಬಿ ನೆಟ್ಟಗೆ ನಿಲ್ಲಲಿ, ಹಿಡಿದ ಎಣ್ಣೆ ತಾನೇ ಕೆಳಗಿಳಿದು ಎಂಜಿನ್ ಸೇರಲಿ. ಒಳಗೆ ತುಂಬಲು ಸ್ಟೇನ್‌ಲೆಸ್ ಸ್ಟೀಲಿನ ತಂತಿಬಲೆ ಬಳಸಿ. ಪಾತ್ರೆ ಉಜ್ಜುವ ನಾರು ಹಾಕಿದರೆ ಎಳೆ ಮುರಿದು ಟ್ಯಾಪೆಟ್ಟುಗಳ ಮೇಲೆ ಬೀಳಬಹುದು. ಹೋಸ್ ಎಲ್ಲಿಯೂ ಜೋತುಬೀಳಬಾರದು. ಜೋತ ಜಾಗದಲ್ಲಿ ನೀರು, ಎಣ್ಣೆ ನಿಂತು ದಾರಿ ಮುಚ್ಚುತ್ತದೆ. ಪೆಟ್ರೋಲಿಗೂ ಎಣ್ಣೆಗೂ ತಾಳುವ ಹೋಸನ್ನೇ ಕೇಳಿ ತನ್ನಿ, ರೇಡಿಯೇಟರಿನದಲ್ಲ.

ಜೋಡಿಸಿದ ಮೇಲೆ ಕಾರ್ಬ್ಯುರೇಟರ್ ಮತ್ತೆ ಹದ ಮಾಡಬೇಕು. ವಾಲ್ವಿನ ಮೂಲಕ ಹೆಚ್ಚುವರಿ ಗಾಳಿ ಬರುವುದರಿಂದ ಐಡಲ್ ಏರುತ್ತದೆ, ಮಿಶ್ರಣ ತೆಳುವಾಗುತ್ತದೆ. ಐಡಲ್ ಸ್ಕ್ರೂ ಇಳಿಸಿ, ಎರಡೂ ಎಸ್‌ಯುಗಳ ಜೆಟ್ ನಟ್ಟನ್ನು ಒಂದೊಂದು ಮುಖದಷ್ಟು ಕೆಳಗೆ ತಿರುಗಿಸಿ ನೋಡುತ್ತಾ ಹೋಗಿ. ಆಮೇಲೆ ಒಂದು ಸುಲಭದ ಪರೀಕ್ಷೆ. ಐಡಲ್‌ನಲ್ಲಿ ವಾಲ್ವಿನ ಹೋಸನ್ನು ಹಿಸುಕಿ ಹಿಡಿಯಿರಿ. ವಾಲ್ವ್ ಸರಿಯಾಗಿದ್ದರೆ ಎಂಜಿನ್ನಿನ ಸುತ್ತು ಬದಲಾಗುವುದು ಕಿವಿಗೇ ಗೊತ್ತಾಗುತ್ತದೆ. ಹಾಗೆಯೇ ವ್ಯಾಕ್ಯೂಮ್ ಗೇಜ್ ಬಳಸುವವರು ಒಂದು ಮಾತು ನೆನಪಿಡಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗೇಜ್ ಸಮುದ್ರಮಟ್ಟಕ್ಕಿಂತ ಸುಮಾರು 3 ಅಂಗುಲ ಕಡಿಮೆ ತೋರಿಸುತ್ತದೆ. ಇಂಗ್ಲೆಂಡಿನ ಪುಸ್ತಕದಲ್ಲಿ 19 ಇರಬೇಕು ಎಂದಿದ್ದರೆ ನಮ್ಮಲ್ಲಿ 16 ಬಂದರೆ ಆರೋಗ್ಯವಂತ ಎಂಜಿನ್ನೇ. ಈ ಲೆಕ್ಕ ತಿಳಿಯದೆ ಒಳ್ಳೆಯ ಎಂಜಿನ್ ಬಿಚ್ಚಿದವರಿದ್ದಾರೆ.

ಮೂಲ ರೂಪ ಕೆಡುತ್ತದೆ ಎಂಬ ಅಳುಕು ನಿಮ್ಮಲ್ಲಿ ಹಲವರಿಗಿದೆ. ಅದು ನನಗೂ ಇದೆ. 50 ವರ್ಷ ದಾಟಿದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಲು 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮವೂ ವಾಹನ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್‌ಗಳನ್ನು ಗಣನೀಯವಾಗಿ ಬದಲಿಸಿರಬಾರದು ಎನ್ನುತ್ತದೆ. ಆದ್ದರಿಂದ ನನ್ನದೊಂದೇ ಕಟ್ಟುಪಾಡು: ಮೂಲ ಭಾಗ ಯಾವುದಕ್ಕೂ ತೂತು ಕೊರೆಯಬೇಡಿ. ಮ್ಯಾನಿಫೋಲ್ಡಿಗೂ ಕಾರ್ಬ್ಯುರೇಟರಿಗೂ ನಡುವೆ ಕೂರುವ ಅಲ್ಯೂಮಿನಿಯಂ ಸ್ಪೇಸರ್ ಎರಡನ್ನು ಲೇತ್‌ನಲ್ಲಿ ಮಾಡಿಸಿ, ಎರಡಕ್ಕೂ ಒಂದೊಂದು ನಿಪ್ಪಲ್ ಇಟ್ಟು ಸಮವಾಗಿ ಜೋಡಿಸಿ. ಒಂದೇ ಕಾರ್ಬ್ಯುರೇಟರಿಗೆ ಕೊಟ್ಟರೆ ಎರಡು ಸಿಲಿಂಡರ್ ತೆಳು ಮಿಶ್ರಣದಲ್ಲಿ ಬೇಯುತ್ತವೆ. ಬಿಚ್ಚಿದ ಹಳೇ ಕೊಳವೆ, ಕವರುಗಳನ್ನು ಎಣ್ಣೆ ಸವರಿ, ಹೆಸರು ಬರೆದು ಕಟ್ಟಿಡಿ. ನಾಳೆ ಯಾರಿಗಾದರೂ ಹಿಂದಿನಂತೆ ಬೇಕೆನಿಸಿದರೆ ಒಂದು ಮಧ್ಯಾಹ್ನದಲ್ಲಿ ಆಗಬೇಕು.

ಟ್ಯಾಪೆಟ್ ಕವರಿಗೆ ಡಬ್ಬಿ ಬೆಸೆಯಲು ನಿಮ್ಮ ಮೂಲ ಕವರು ಬಳಸಬೇಕಿಲ್ಲ. ಇಲ್ಲಿ ನಮ್ಮ ಊರಿಗೆ ಇಂಗ್ಲೆಂಡಿಗಿಲ್ಲದ ಒಂದು ಅನುಕೂಲವಿದೆ. ಎಂಜಿಎ 1500 ಕಾರಿನ 1489 ಸಿಸಿ ಎಂಜಿನ್ನೂ ಹಳೇ ಅಂಬಾಸಿಡರಿನ ಪೆಟ್ರೋಲ್ ಎಂಜಿನ್ನೂ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ (ಬಿಎಂಸಿ) ಕಂಪನಿಯ ಒಂದೇ ಬಿ-ಸೀರೀಸ್ ಮನೆತನ. ಇಂಗ್ಲೆಂಡ್ ಮರೆತ ಎಷ್ಟೋ ಕಾಲದ ಮೇಲೂ ನಾವು ಅದನ್ನು ಟ್ಯಾಕ್ಸಿಗಳಲ್ಲಿ, ಸರ್ಕಾರಿ ಕಾರುಗಳಲ್ಲಿ ಓಡಿಸಿದೆವು. ಉತ್ತರಪಾರದ ಕಾರ್ಖಾನೆ ಅಂಬಾಸಿಡರ್ ತಯಾರಿಕೆ ನಿಲ್ಲಿಸಿದ್ದು 2014ರಲ್ಲಿ. ಶಿವಾಜಿನಗರದ ಗುಜರಿಯಲ್ಲಿ ಹುಡುಕಿದರೆ ಅಂಬಾಸಿಡರಿನ ಟ್ಯಾಪೆಟ್ ಕವರು ಇಂದಿಗೂ ಸಿಗುತ್ತದೆ. ನಿಮ್ಮದನ್ನು ಜೊತೆಗೆ ಒಯ್ದು, ಬೋಲ್ಟಿನ ತೂತು, ಅಂಚು ಕೂಡುತ್ತವೆಯೇ ನೋಡಿ ತನ್ನಿ. ಟ್ರಯಂಫ್ ಸ್ಪಿಟ್‌ಫೈರ್ ಇರುವವರು ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡಿನ ಭಾಗ ಕೇಳಿ. ಅವೂ ಒಂದೇ ಬಳಗದ ಎಂಜಿನ್ನುಗಳು.

ಇನ್ನು ನಾನು ಕೇಳಿಕೊಳ್ಳುವುದು ಮೂರು.

ಒಡೆಯರಲ್ಲಿ: ಎಣ್ಣೆಯ ಕಲೆಯನ್ನು ಹಳೇ ಕಾರಿನ ಗುರುತೆಂದು ಹೇಳಿಕೊಳ್ಳುವುದನ್ನು ಬಿಡೋಣ. ಪಿಯುಸಿ ತಪಾಸಣೆಯ ಕಡ್ಡಿ ಹೋಗುವುದು ಸೈಲೆನ್ಸರಿನ ಬಾಯಿಗೆ ಮಾತ್ರ, ಎಂಜಿನ್ ಪಕ್ಕದ ಕೊಳವೆಯನ್ನು ಯಾರೂ ಕೇಳುವುದಿಲ್ಲ. ಯಾರೂ ಕೇಳದಿದ್ದರೂ ಟಿನ್ ಫ್ಯಾಕ್ಟರಿ ಸಿಗ್ನಲ್ಲಿನಲ್ಲಿ ನಮ್ಮ ಪಕ್ಕದಲ್ಲಿ ಬಸ್ಸಿಗೆ ಕಾದು ನಿಂತವರು ಆ ಆವಿ ಕುಡಿಯುತ್ತಾರೆ. ಅವರ ರಸ್ತೆಯಲ್ಲಿ ನಾವು ನಮ್ಮ ಸಂತೋಷಕ್ಕಾಗಿ ಕಾರು ಓಡಿಸುತ್ತಿದ್ದೇವೆ. ಇಂದು ಕಾರ್ಖಾನೆಯಿಂದ ಬರುವ ಯಾವ ಹೊಸ ಕಾರಿಗೂ ಎಂಜಿನ್ನಿನ ಹೊಟ್ಟೆಯ ಅನಿಲವನ್ನು ಬೀದಿಗೆ ಬಿಡುವ ಅನುಮತಿಯಿಲ್ಲ. ನಮ್ಮ ಕಾರಿಗೆ ವಯಸ್ಸಿನ ರಿಯಾಯಿತಿ ಇರಬಹುದು. ಅದನ್ನು ಬಳಸಿಕೊಳ್ಳದಿರುವುದು ಮರ್ಯಾದೆ.

ಮೇಸ್ತ್ರಿಗಳಲ್ಲಿ: ಎಣ್ಣೆ ಸೋರುತ್ತದೆ ಎಂದು ಬಂದ ಗಾಡಿಗೆ ಸೀಲ್, ಪ್ಯಾಕಿಂಗ್ ಮಾತಾಡುವ ಮುನ್ನ ದಮ್ಮು ನೋಡಿ. ನಿಮ್ಮಲ್ಲಿ ಹಿರಿಯರಿಗೆ ಇದು ಗೊತ್ತು. ಕಿರಿಯರಿಗೂ ಕಲಿಸಿ. ದಖ್ಖನಿಯಲ್ಲಿ, ತಮಿಳಿನಲ್ಲಿ, ಕನ್ನಡದಲ್ಲಿ ನೀವು ಬಾಯಿಂದ ಬಾಯಿಗೆ ದಾಟಿಸಿಕೊಂಡು ಬಂದ ವಿದ್ಯೆ ಯಾವ ಪುಸ್ತಕದಲ್ಲೂ ಇಲ್ಲ. ಗಲ್ಲಿಯ ಒಂದೊಂದು ಶಟರ್ ಮುಚ್ಚಿದಾಗಲೂ ಅದರಲ್ಲಿ ಒಂದು ಪಾಲು ಹೋಗಿಬಿಡುತ್ತದೆ.

ಇಬ್ಬರಲ್ಲೂ: ಅಳತೆಗಳನ್ನು ಬರೆದಿಡೋಣ. ಯಾವ ಕಾರು, ಯಾವ ವಾಲ್ವ್, ಮೊದಲು ಎಷ್ಟು ಅಂಗುಲ, ಆಮೇಲೆ ಎಷ್ಟು, ಸಾವಿರ ಕಿಲೊಮೀಟರಿಗೆ ಎಷ್ಟು ಎಣ್ಣೆ ಕುಡಿಯಿತು. ಹತ್ತು ಕಾರುಗಳ ಲೆಕ್ಕ ಕನ್ನಡದಲ್ಲಿ ಒಂದು ಪುಟದಲ್ಲಿ ಸಿಕ್ಕರೆ ಹನ್ನೊಂದನೆಯವರು ನನ್ನಂತೆ ಎರಡು ಕ್ಲಚ್ ಪ್ಲೇಟು ಕಳೆದುಕೊಳ್ಳಬೇಕಿಲ್ಲ.

ಮುಂದಿನ ಭಾನುವಾರ ಬಾನೆಟ್ ಎತ್ತಿದಾಗ ಎಂಜಿನ್ ಆರಿಸಬೇಡಿ. ಐಡಲ್‌ನಲ್ಲಿ ಓಡುತ್ತಿರಲಿ. ಎಣ್ಣೆಯ ಮುಚ್ಚಳ ತೆಗೆದು, ಆ ಬಾಯಿಯ ಮೇಲೆ ಅಂಗೈ ಇಡಿ. ಒಳಗಿನ ಗಾಳಿ ಕೈಯನ್ನು ತಳ್ಳಿದರೆ ನನ್ನ ಬಳಿ ಬನ್ನಿ. ಪೈಪು ಕಟ್ಟಿದ ಹಲಗೆ ಮತ್ತು ಬಣ್ಣದ ನೀರು ನನ್ನ ಕಾರಿನಲ್ಲಿರುತ್ತವೆ.

ನಿಮ್ಮವನೇ ಆದ,
ಹಲಸೂರಿನ ಒಬ್ಬ ಎಂಜಿಎ ಒಡೆಯ